ಜೀವಕೋಶದ ಸಿವುಡು

ನನ್ನೂರು ಸೊರಟೂರ. ಒಂಟಿ ಕಣಿಕೆ ಬಾಗುತ್ತದೆ, ಸಿವುಡು ಕಟ್ಟಿದರೆ ನೆಟ್ಟಗೆ ನಿಲ್ಲುತ್ತದೆ. ಇದನ್ನು ನಾನು ಜೋಳದ ಸುಗ್ಗಿಯಲ್ಲಿ ಕಲಿತೆ. ನಮ್ಮ ಜೀವಕೋಶಗಳಲ್ಲಿಯೂ ಆಕ್ಟಿನ್ ಎಂಬ ಎಳೆಗಳುಂಟು. ಅವನ್ನು ಸಿವುಡು ಕಟ್ಟುವ ಪ್ರೋಟೀನೇ ಫ್ಯಾಸಿನ್. ಕಟ್ಟು ಬಿಗಿಯಾದಾಗ ಕೋಶವು ಬೆರಳಿನಂಥ ಚಾಚುಗಳನ್ನು ಮುಂದೊಡ್ಡಿ ಚಲಿಸುತ್ತದೆ. ಆರೋಗ್ಯವಂತ ಬಾಯಿಯ ಒಳಚರ್ಮದಲ್ಲಿ ಫ್ಯಾಸಿನ್ ಅಲ್ಪ. ಬಾಯಿಯ ಕ್ಯಾನ್ಸರಿನಲ್ಲಿ ಅದು ಹೆಚ್ಚುವುದನ್ನು ನವಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು 2012ರಲ್ಲಿ ತೋರಿಸಿದರು.

ಇದನ್ನು ಗುರುತಿಸುವುದೆಂತು? ಪ್ರತಿಕಾಯದಿಂದ. ಒಂದೇ ಗುರಿಗೆ ಅಂಟುವ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದರು. ಫ್ಯಾಸಿನ್ನಿನ ಪ್ರತಿಕಾಯವನ್ನು ಅಂಗಾಂಶದ ತೆಳುಪದರಿನ ಮೇಲೆ ಹಾಕಿ, ಬಣ್ಣ ಬರಿಸುವ ಎರಡನೆಯ ಪ್ರತಿಕಾಯವನ್ನು ಸೇರಿಸಿದರೆ, ಫ್ಯಾಸಿನ್ ಇರುವೆಡೆ ಕಂದು ಬಣ್ಣ ಮೂಡುತ್ತದೆ. ಆದರೆ ರಕ್ತನಾಳದ ಒಳಪದರಿನಲ್ಲಿಯೂ ಫ್ಯಾಸಿನ್ ಇರುವುದರಿಂದ ಬಣ್ಣ ಬಂದುದೆಲ್ಲ ಕ್ಯಾನ್ಸರಲ್ಲ. ಮೊದಲ ಪ್ರತಿಕಾಯ ಹಾಕದ ಇನ್ನೊಂದು ಪದರನ್ನು ಪಕ್ಕದಲ್ಲಿಟ್ಟು ಹೋಲಿಸಲೇಬೇಕು.

ನನ್ನ ಸೋದರಮಾವ ತಂಬಾಕು ಅಗಿಯುತ್ತಿದ್ದರು. ಬಾಯಿಯ ಹುಣ್ಣನ್ನು ಆರು ತಿಂಗಳು ಉಷ್ಣವೆಂದೇ ತಿಳಿದೆವು. ಹುಬ್ಬಳ್ಳಿಗೆ ಕರೆದೊಯ್ಯುವ ವೇಳೆಗೆ ಅದು ಕುತ್ತಿಗೆಯ ಗಂಟಿಗೆ ಇಳಿದಿತ್ತು. ಕೋಶ ಚಲಿಸುತ್ತದೆಂಬ ಮಾತಿನ ಅರ್ಥ ಅಂದು ನನಗೆ ತಿಳಿದಿರಲಿಲ್ಲ.

ಮಿತ್ರರೇ, ಪ್ರತಿಕಾಯವು ಪ್ರಯೋಗಶಾಲೆಯ ಕಣ್ಣು. ಮೂರು ವಾರವಾದರೂ ಮಾಯದ ಹುಣ್ಣನ್ನು ಕಂಡು ವೈದ್ಯರ ಬಳಿಗೆ ಹೋಗಲು ನಮ್ಮ ಕಣ್ಣೇ ಸಾಕು.