ಆಫೀಸಿಗೆ ಮುಂಚಿನ ಕೋಲ್ಕತ್ತ

ಕೆಲಸದ ಮೇಲೆ ಊರೂರು ಸುತ್ತುವವರನ್ನು ಕಂಡರೆ ನೆಂಟರಿಷ್ಟರಿಗೆ ಒಂದು ಬಗೆಯ ಹೊಟ್ಟೆಕಿಚ್ಚು. ‘ನಿಮಗೇನಪ್ಪ, ಕಂಪನಿ ದುಡ್ಡಲ್ಲಿ ದೇಶ ನೋಡ್ತೀರಿ’ ಅನ್ನುತ್ತಾರೆ. ನೋಡುವುದೇನು? ವಿಮಾನ ನಿಲ್ದಾಣ, ಕ್ಯಾಬಿನ ಕಿಟಕಿ, ಎಸಿ ಕೋಣೆಯ ಪ್ರೊಜೆಕ್ಟರು, ಹೋಟೆಲಿನ ಬಫೆ. ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಅಳವಡಿಸಿ ಸಿಬ್ಬಂದಿಗೆ ಅದನ್ನು ಕಲಿಸಿಕೊಡುವುದು ನನ್ನ ಕೆಲಸ. ಊರು ಬದಲಾದರೂ ಕೋಣೆ ಮಾತ್ರ ಅದೇ. ಅದರ ನಡುವೆ ಊರನ್ನೂ ನೋಡಬೇಕೆಂದರೆ ಉಪಾಯ ಬೇಕು. ಆ ಉಪಾಯ ಚೆನ್ನಾಗಿ ಕೈಹತ್ತಿದ್ದು ಜನವರಿಯ ಚಳಿಯಲ್ಲಿ ಕೋಲ್ಕತ್ತಕ್ಕೆ ಹೋದಾಗ.

ಉಪಾಯದ ತಿರುಳು ಇಷ್ಟೆ: ನಮಗೆ ಬಿಡುವಿರುವ ಹೊತ್ತಿನಲ್ಲಿ ಆ ಊರು ಏನು ಮಾಡುತ್ತಿರುತ್ತದೆ ಅನ್ನುವುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ‘ನೋಡಲೇಬೇಕಾದ ಜಾಗಗಳು’ ಅನ್ನುವ ಪಟ್ಟಿಗಳೆಲ್ಲ ರಜೆ ಹಾಕಿ ಬಂದವರಿಗಾಗಿ ಮಾಡಿದವು. ಪಟ್ಟಿಯಲ್ಲಿರುವ ಮ್ಯೂಸಿಯಂ, ಗ್ಯಾಲರಿ, ಸ್ಮಾರಕಗಳೆಲ್ಲ ಹೆಚ್ಚುಕಡಿಮೆ ಹತ್ತಕ್ಕೆ ಬಾಗಿಲು ತೆರೆದು ಐದಕ್ಕೆ ಮುಚ್ಚುತ್ತವೆ. ನಾವು ಕಾನ್ಫರೆನ್ಸ್ ಕೋಣೆಯಲ್ಲಿ ಕೂತಿರುವುದೂ ಅದೇ ಹೊತ್ತಿನಲ್ಲಿ. ಟಿಕೆಟ್ ಕೌಂಟರಿನ ಹಂಗಿಲ್ಲದ ಊರೊಂದು ಅದೇ ಊರಿನೊಳಗಿರುತ್ತದೆ. ನಮ್ಮ ಪಾಲಿಗೆ ಸಿಗುವುದು ಅದು.

ಕೋಲ್ಕತ್ತದಲ್ಲಿ ಈ ಲೆಕ್ಕ ಸೂರ್ಯನಿಂದಲೇ ಶುರುವಾಗುತ್ತದೆ. ದೇಶಕ್ಕೆಲ್ಲ ಗಡಿಯಾರ ಒಂದೇ. ಆದರೆ ಕೋಲ್ಕತ್ತ ಬೆಂಗಳೂರಿಗಿಂತ ಹನ್ನೊಂದು ಡಿಗ್ರಿಯ ಹತ್ತಿರದಷ್ಟು ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಹಿಡಿದರೆ ಮುಕ್ಕಾಲು ಗಂಟೆಗೆ ತುಸು ಕಡಿಮೆ. ಇದರ ಜೊತೆಗೆ ಋತುವಿನ ವ್ಯತ್ಯಾಸ ಬೇರೆ. ಜನವರಿಯಲ್ಲಿ ಅಲ್ಲಿ ಸಂಜೆ 5.15ರ ಸುಮಾರಿಗೆಲ್ಲ ಸೂರ್ಯ ಮುಳುಗಿರುತ್ತಾನೆ, ನಮ್ಮಲ್ಲಿ ಇನ್ನೂ ಒಂದು ಗಂಟೆ ಬಿಸಿಲಿರುತ್ತದೆ. ಜೂನ್‌ನಲ್ಲಿ ಹೋದರೆ ಬೆಳಿಗ್ಗೆ 5ಕ್ಕೆ ಮುಂಚೆಯೇ ಸೂರ್ಯೋದಯ. ಹಾಗಾಗಿ ‘ಕೆಲಸ ಮುಗಿಸಿಕೊಂಡು ಸಂಜೆ ಊರು ನೋಡೋಣ’ ಎಂದುಕೊಂಡವನಿಗೆ ಅಲ್ಲಿ ಕತ್ತಲೆಯೇ ಗತಿ. ಬೇಗ ಎದ್ದವನಿಗೆ ಮಾತ್ರ ಆಫೀಸಿಗೆ ಮುಂಚೆ ಎರಡೂವರೆ ಮೂರು ಗಂಟೆಯ ಹಗಲು ಕೈಗೆ ಸಿಗುತ್ತದೆ.

ಬೆಳಗು ಹೀಗೆ ಕೈಗೆ ಸಿಗಬೇಕಾದರೆ ಹೋಟೆಲು ಎಲ್ಲಿದೆ ಅನ್ನುವುದು ಮುಖ್ಯ. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕೆಲಸವೆಂದರೆ ಟ್ರಾವೆಲ್ ಡೆಸ್ಕಿನವರು ಪಕ್ಕದಲ್ಲೇ, ಇಲ್ಲವೇ ನ್ಯೂ ಟೌನ್‌ನಲ್ಲಿ ರೂಮು ಹಿಡಿಯುತ್ತಾರೆ. ಅಲ್ಲಿ ಕಿಟಕಿ ತೆರೆದರೆ ಕಾಣುವುದು ನಮ್ಮ ವೈಟ್‌ಫೀಲ್ಡೇ. ನಾನು ಕೇಳಿಕೊಂಡು ಎಸ್‌ಪ್ಲನೇಡ್ ಹತ್ತಿರ ಉಳಿದೆ. ಬಾಡಿಗೆಯೂ ಕಡಿಮೆಯಿದ್ದುದರಿಂದ ಕಂಪನಿಯಿಂದ ತಕರಾರು ಬರಲಿಲ್ಲ. ದೂರದ ಚಿಂತೆಯನ್ನು ಮೆಟ್ರೊ ನೀಗಿಸಿತು. ದೇಶದ ಮೊದಲ ಮೆಟ್ರೊ ಓಡಿದ್ದು ಇದೇ ಎಸ್‌ಪ್ಲನೇಡಿನಿಂದ, 1984ರಲ್ಲಿ. ಈಗ ಹಸಿರು ಮಾರ್ಗವೂ ಇಲ್ಲೇ ಹಾಯುತ್ತದೆ. 2025ರ ಆಗಸ್ಟ್‌ನಲ್ಲಿ ಎಸ್‌ಪ್ಲನೇಡ್–ಸಿಯಾಲ್ದಾ ನಡುವಿನ ತುಂಡು ಕೂಡಿಕೊಂಡ ಮೇಲೆ ಹೌರಾ ಮೈದಾನದಿಂದ ಸೆಕ್ಟರ್ ಫೈವ್‌ವರೆಗೆ ಒಂದೇ ರೈಲು. ಸಿಯಾಲ್ದಾದಲ್ಲಿ ಲೋಕಲ್ ರೈಲಿನಿಂದ ಇಳಿದವರು ನುಗ್ಗುವಾಗ ಉಸಿರುಗಟ್ಟುತ್ತದೆ ನಿಜ. ಆದರೂ ಎಷ್ಟು ಹೊತ್ತಿಗೆ ಆಫೀಸು ಮುಟ್ಟುತ್ತೇನೆ ಅನ್ನುವುದು ಖಚಿತವಾಗಿ ಗೊತ್ತಿರುತ್ತದೆ. ಟ್ರಾಫಿಕ್ಕನ್ನು ನಂಬಿ ಬೆಳಗಿನ ತಿರುಗಾಟ ಇಟ್ಟುಕೊಳ್ಳಲಾಗದು, ಮೆಟ್ರೊ ನಂಬಿ ಇಟ್ಟುಕೊಳ್ಳಬಹುದು.

ಮೊದಲ ಬೆಳಗು ಮಲ್ಲಿಕ್ ಘಾಟ್‌ಗೆ. ಹೌರಾ ಸೇತುವೆಯ ಪೂರ್ವದ ತುದಿಯಲ್ಲಿ, ಹೂಗ್ಲಿ ನದಿಯ ದಡಕ್ಕೆ ಅಂಟಿಕೊಂಡ ಹೂವಿನ ಸಗಟು ಮಾರುಕಟ್ಟೆ ಅದು. ಕತ್ತಲಿರುವಾಗಲೇ ಟ್ಯಾಕ್ಸಿ ಹಿಡಿದೆ, ಬೆಳಕು ಹರಿಯುವಷ್ಟರಲ್ಲಿ ನಡುಮಾರುಕಟ್ಟೆಯಲ್ಲಿದ್ದೆ. ಕೋಲಾಘಾಟ್, ಪಾಂಶ್‌ಕುಡಾ, ರಾಣಾಘಾಟ್ ಕಡೆಯ ತೋಟಗಳಿಂದ ಹೂವು ಬರುತ್ತದೆ. ನಮ್ಮ ಕೆ.ಆರ್. ಮಾರ್ಕೆಟ್ಟಿನ ಸೇವಂತಿಗೆ, ಕನಕಾಂಬರದ ಕಣ್ಣಿಗೆ ಅಲ್ಲಿ ಎಲ್ಲೆಲ್ಲೂ ಚೆಂಡುಹೂವೇ. ತೋಳಿನಷ್ಟು ದಪ್ಪನೆಯ ಹಾರಗಳನ್ನು ಕಂತೆ ಕಟ್ಟಿ ಹೆಗಲ ಮೇಲೆ, ಕುತ್ತಿಗೆಯ ಸುತ್ತ ಹೇರಿಕೊಂಡು ಬರುವವನ ಮುಖವೇ ಕಾಣುವುದಿಲ್ಲ. ಹಳದಿ ಗುಡ್ಡೆಯೊಂದಕ್ಕೆ ಎರಡು ಕಾಲು. ಕಾಳಿಗೆಂದು ಕೆಂಪು ದಾಸವಾಳದ ಮೊಗ್ಗುಗಳನ್ನು ಪೋಣಿಸಿದ ಹಾರಗಳು ಬೇರೆ. ಕಾಲಡಿ ಕೊಳೆತ ಎಸಳು, ಕೆಸರು, ನೀರು. ದಾರಿಗೆ ಅಡ್ಡ ನಿಂತರೆ ಬೈಗುಳ ಗ್ಯಾರಂಟಿ. ಭಾಷೆ ಬಾರದಿದ್ದರೂ ಬೈಗುಳ ತಿಳಿಯುತ್ತದೆ. ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿದ್ದೆ, ಆಫೀಸಿನ ಶೂ ರೂಮಿನಲ್ಲೇ ಇತ್ತು. ಇಂಥ ಪ್ರವಾಸಕ್ಕೆ ಒಂದು ಜೊತೆ ಹೆಚ್ಚಿನ ಚಪ್ಪಲಿ ಕ್ಯಾಮೆರಾಗಿಂತ ಉಪಯೋಗಕ್ಕೆ ಬರುತ್ತದೆ.

ಅಲ್ಲಿಂದ ಸೇತುವೆ ಹತ್ತಿದೆ. 1943ರಲ್ಲಿ ತೆರೆದ ಈ ಸೇತುವೆಗೆ ನಟ್ಟುಬೋಲ್ಟುಗಳಿಲ್ಲ, ಇಡೀ ಉಕ್ಕನ್ನು ರಿವೆಟ್ ಹೊಡೆದು ಕೂಡಿಸಿದ್ದಾರೆ. ನದಿಯ ನಡುವೆ ಕಂಬವೂ ಇಲ್ಲ, ನಡುಗಣ್ಣೇ 457 ಮೀಟರ್. ಇದೆಲ್ಲ ಪುಸ್ತಕದಲ್ಲಿ ಸಿಗುವ ವಿಷಯ. ನಡೆದುಹೋದವನಿಗೆ ಕಾಣುವುದು ಬೇರೆ: ಎಲೆಯಡಿಕೆ ಉಗುಳಿ ಉಗುಳಿ ಉಕ್ಕಿನ ಬುಡ ಸವೆಯುತ್ತಿದೆಯೆಂದು ಆಧಾರಗಳ ಕಾಲಿಗೆ ತೊಡಿಸಿರುವ ಫೈಬರ್‌ಗ್ಲಾಸ್ ಕವಚ. ಅಷ್ಟು ಟನ್ ಉಕ್ಕಿಗೆ ಹೆದರದವರು ಸುಣ್ಣ ಬೆರೆತ ಉಗುಳಿಗೆ ಹೆದರಬೇಕಾಯಿತು! ಬುಟ್ಟಿ ಹೊತ್ತವರು, ಸೈಕಲ್ ತಳ್ಳುವವರು, ಹೌರಾ ಸ್ಟೇಷನ್ನಿನಿಂದ ಬರುವ ನೌಕರರು, ಎಲ್ಲರಿಗೂ ಅವಸರ. ನಿಂತು ನೋಡಲು ಬಂದವನು ಕಟಾಂಜನಕ್ಕೆ ಆತುಕೊಳ್ಳುವುದೇ ಒಳ್ಳೆಯದು.

ನದಿಯನ್ನು ಮೇಲಿಂದ ದಾಟಿ ಹೋದವನು ಕೆಳಗಿಂದ ಮರಳಿದೆ. ಹೌರಾ ಮೆಟ್ರೊ ಸ್ಟೇಷನ್ ಭಾರೀ ಆಳ, ಎಸ್ಕಲೇಟರ್ ಇಳಿದಷ್ಟೂ ಮುಗಿಯುವುದಿಲ್ಲ. 2024ರ ಮಾರ್ಚ್‌ನಿಂದ ಹೂಗ್ಲಿಯ ತಳದ ಸುರಂಗದಲ್ಲಿ ರೈಲು ಓಡುತ್ತಿದೆ, ದೇಶದಲ್ಲಿ ನದಿಯಡಿ ಹಾದ ಮೊದಲ ಮೆಟ್ರೊ. ನೀರಿನ ಕೆಳಗಿರುವುದು ಅರ್ಧ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಮುಕ್ಕಾಲು ನಿಮಿಷದ ಪಯಣ. ಸುರಂಗದಲ್ಲಿ ನೀಲಿ ದೀಪ ಕಂಡರೆ ನದಿಯ ಕೆಳಗಿದ್ದೇವೆ ಎಂದು ಲೆಕ್ಕ. ಸ್ನಾನ, ತಿಂಡಿ ಮುಗಿಸಿ ಆಫೀಸಿನಲ್ಲಿ ಕೂತಾಗ ಅಲ್ಲಿಯವರು ಆಗಷ್ಟೇ ಚಹಾ ತರಿಸುತ್ತಿದ್ದರು.

ಇನ್ನೊಂದು ಬೆಳಗನ್ನು ಕುಮಾರಟುಲಿಗೆ ಕೊಟ್ಟೆ. ಮೂರ್ತಿ ಮಾಡುವವರ ಕೇರಿ. ದುರ್ಗಾಪೂಜೆಗೆ ಮುಂಚೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವಂತೆ. ಜನವರಿಯಲ್ಲಿ ಮಾತ್ರ ಸರಸ್ವತಿಯದೇ ಸುಗ್ಗಿ, ವಸಂತ ಪಂಚಮಿ ಹತ್ತಿರ ಬಂದಿರುತ್ತದೆ. ಓಣಿಯ ಎರಡೂ ಬದಿ ಬಿದಿರಿನ ಚೌಕಟ್ಟಿಗೆ ಹುಲ್ಲು ಸುತ್ತಿ ಹುರಿಯಿಂದ ಬಿಗಿದ ಆಕೃತಿಗಳು ಸಾಲಾಗಿ ನಿಂತಿದ್ದವು: ತಲೆಯಿಲ್ಲ, ಬೆರಳಿಲ್ಲ, ಆದರೆ ವೀಣೆ ಹಿಡಿಯುವ ಭಂಗಿ ಆಗಲೇ ಬಂದಿತ್ತು. ಹುಲ್ಲಿನ ಮೇಲೆ ಮೊದಲು ಹೊಟ್ಟು ಬೆರೆಸಿದ ಒರಟು ಮಣ್ಣು, ಒಣಗಿದ ಮೇಲೆ ನದಿಯ ನುಣುಪು ಮಣ್ಣು. ತಲೆಯನ್ನು ಬೇರೆ ಅಚ್ಚಿನಲ್ಲಿ ಮಾಡಿ ಕೂಡಿಸುತ್ತಾರೆ. ಒಬ್ಬ ಹಿರಿಯರು ಒದ್ದೆ ಬಟ್ಟೆಯ ಚೂರನ್ನು ಕೆಸರುಮಣ್ಣಿನಲ್ಲಿ ಅದ್ದಿ ಕುತ್ತಿಗೆಯ ಸೇರಿಕೆಯ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಒಂದೇ ಸಮ ಒತ್ತುತ್ತಿದ್ದರು. ಬಿರುಕು ಬಿಡದಿರಲೆಂದು ಹಾಕುವ ಪಟ್ಟಿ ಅದು. ಅವರು ತಲೆಯೆತ್ತಿ ನೋಡಲಿಲ್ಲ, ನಾನೂ ಫೋನ್ ತೆಗೆಯಲಿಲ್ಲ. ಅದು ಅವರ ಆಫೀಸು. ನಮ್ಮ ಕ್ಯಾಬಿನ್ನಿಗೆ ಯಾರೋ ನುಗ್ಗಿ ನಾವು ಟೈಪ್ ಮಾಡುವುದನ್ನು ಕೇಳದೆ ಫೋಟೊ ತೆಗೆದರೆ ಸುಮ್ಮನಿರುತ್ತೇವೆಯೇ? ಪಕ್ಕದವರನ್ನು ಕೇಳಿದಾಗ ಒಪ್ಪಿದರು, ಆಮೇಲೆ ತೆಗೆದೆ.

ಹಾಗಂತ ಸಂಜೆಗಳನ್ನು ಪೂರ್ತಿ ಕೈಬಿಡಬೇಕಿಲ್ಲ, ಕತ್ತಲಲ್ಲೂ ನಡೆಯುವಂಥದ್ದನ್ನು ಆರಿಸಿಕೊಂಡರಾಯಿತು. ಕಾಲೇಜ್ ಸ್ಟ್ರೀಟ್ ಅಂಥದ್ದು. ಸಿಯಾಲ್ದಾದಲ್ಲಿ ಮೆಟ್ರೊ ಇಳಿದರೆ ನಡೆದೇ ಹೋಗಬಹುದು. ಫುಟ್‌ಪಾತಿನುದ್ದಕ್ಕೂ ತಗಡಿನ ಪೆಟ್ಟಿಗೆ ಅಂಗಡಿಗಳು, ಅವುಗಳ ತುಂಬ ಎಂಜಿನಿಯರಿಂಗ್ ಗೈಡುಗಳು, ನಡುವೆ ಎಲ್ಲೋ ಹಳೆಯ ಕಾದಂಬರಿ. ಕೆಲಸ ಮುಗಿದ ಕೂಡಲೇ ಹೊರಡಬೇಕು, ತಡಮಾಡಿದರೆ ಒಂದೊಂದೇ ಪೆಟ್ಟಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಮೆಟ್ಟಿಲು ಹತ್ತಿ ಕಾಫಿ ಹೌಸ್. ಹಳೆಯ ಆಲ್ಬರ್ಟ್ ಹಾಲಿನಲ್ಲಿ 1942ರಲ್ಲಿ ಶುರುವಾದದ್ದು. ಜನಕ್ಕೆ ಕಾಫಿಯ ರುಚಿ ಹತ್ತಿಸಲೆಂದು ದೇಶದಲ್ಲಿ ಕಾಫಿ ಹೌಸ್‌ಗಳನ್ನು ಬೆಳೆಸಿದ್ದು ಕಾಫಿ ಮಂಡಳಿ, ಅದರ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲಿ. ಈಗ ಇದನ್ನು ನಡೆಸುವುದು ನೌಕರರ ಸಹಕಾರ ಸಂಘ. ಹಾಲಿಲ್ಲದ ‘ಇನ್ಫ್ಯೂಷನ್’ ತರಿಸಿ ಕೂತೆ. ಫಿಲ್ಟರ್ ಕಾಫಿಗೆ ಪಳಗಿದ ನಾಲಿಗೆಗೆ ಅದು ಅಷ್ಟಕ್ಕಷ್ಟೆ. ಆದರೆ ಆ ಎತ್ತರದ ಚಾವಣಿಯಡಿ ಅಷ್ಟೂ ಮೇಜುಗಳ ಜನ ಏಕಕಾಲಕ್ಕೆ ವಾದಿಸುವ ಗದ್ದಲವಿದೆಯಲ್ಲ, ಅದು ಹಗಲಿನ ಯಾವ ಮ್ಯೂಸಿಯಮ್ಮಿನಲ್ಲೂ ಸಿಗುವುದಿಲ್ಲ.

ವಾರದ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಸೋಮವಾರ ಕೆಲಸ ಶುರು ಮಾಡುವವರು ಸಾಮಾನ್ಯವಾಗಿ ಭಾನುವಾರ ಸಂಜೆಯ ವಿಮಾನ ಹಿಡಿಯುತ್ತಾರೆ. ಬೆಳಗಿನ ವಿಮಾನಕ್ಕೆ ಹೋದರೆ ಭಾನುವಾರದ ಮಧ್ಯಾಹ್ನ ನಮ್ಮದಾಗುತ್ತದೆ. ಕೋಲ್ಕತ್ತದಲ್ಲಿ ಆ ಮಧ್ಯಾಹ್ನವನ್ನು ಕಾಲೇಜ್ ಸ್ಟ್ರೀಟಿಗೆ ಇಟ್ಟುಕೊಂಡರೆ ದಂಡ, ಬಹುತೇಕ ಅಂಗಡಿಗಳಿಗೆ ಅಂದು ರಜೆ. ಮ್ಯೂಸಿಯಂಗಳಿಗೆ ರಜೆ ಸೋಮವಾರ. ಆದ್ದರಿಂದ ಭಾನುವಾರ ಇಂಡಿಯನ್ ಮ್ಯೂಸಿಯಂ, ವಾರದ ದಿನ ಪುಸ್ತಕದ ಬೀದಿ. 1814ರಲ್ಲಿ ಸ್ಥಾಪನೆಯಾದ, ದೇಶದಲ್ಲೇ ಹಳೆಯದಾದ ಆ ಮ್ಯೂಸಿಯಮ್ಮಿನಲ್ಲಿ ಎಲ್ಲ ಕೋಣೆ ಹೊಕ್ಕು ಹೊರಡುವ ಹಟ ಬಿಟ್ಟು, ಭಾರ್ಹುತ್ ಸ್ತೂಪದ ಕೆಂಪು ಕಲ್ಲಿನ ಕಟಾಂಜನದ ಎದುರೇ ಬಹಳ ಹೊತ್ತು ಕಳೆದೆ. ಜಾತಕ ಕಥೆಗಳನ್ನು ಕಲ್ಲಿನಲ್ಲೇ ಓದಬಹುದು, ಕೆಲವಕ್ಕೆ ಕೆತ್ತಿದವರು ಬ್ರಾಹ್ಮಿಯಲ್ಲಿ ಹೆಸರನ್ನೂ ಬರೆದಿದ್ದಾರೆ.

ಸ್ಥಳೀಯ ಸಹೋದ್ಯೋಗಿಗಳನ್ನು ‘ಇಲ್ಲಿ ಏನು ನೋಡಬೇಕು’ ಅಂತ ಕೇಳಿದರೆ ವಿಕ್ಟೋರಿಯಾ ಮೆಮೋರಿಯಲ್ ಅನ್ನುತ್ತಾರೆ, ಇಲ್ಲವೇ ಅತಿಥಿ ಸತ್ಕಾರವೆಂದು ಮಾಲ್‌ಗೆ ಕರೆದೊಯ್ಯುತ್ತಾರೆ. ‘ಈ ತಿಂಗಳಲ್ಲಿ ನೀವೇನು ತಿನ್ನುತ್ತೀರಿ’ ಅಂತ ಕೇಳಿ ನೋಡಿ. ನಾನು ಕೇಳಿದ ಕೂಡಲೇ ತರಬೇತಿ ಕೋಣೆಯಲ್ಲಿ ಅಷ್ಟು ಹೊತ್ತು ಬಾಯಿ ಬಿಡದವರೂ ಮಾತಿಗಿಳಿದರು: ನೊಲೆನ್ ಗುಡ್! ಈಚಲ ಮರದ ರಸದಿಂದ ಚಳಿಗಾಲದಲ್ಲಷ್ಟೇ ತೆಗೆಯುವ ಬೆಲ್ಲ. ರಾತ್ರಿಯಿಡೀ ಮಡಕೆಗೆ ತೊಟ್ಟಿಕ್ಕಿದ ರಸವನ್ನು ಹುಳಿ ಹಿಡಿಯುವ ಮೊದಲೇ ಇಳಿಸಿ ಕಾಯಿಸುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಈಚಲು ಅಂದರೆ ಹೆಂಡ. ಅದೇ ಮರದ ರಸ ಅಲ್ಲಿ ಸಂದೇಶ್ ಎಂಬ ಸಿಹಿತಿಂಡಿಗೆ ಸೇರುತ್ತದೆ. ಯಾವ ಅಂಗಡಿಯದು ಒಳ್ಳೆಯದು ಅನ್ನುವ ಜಗಳದಲ್ಲಿ ಆ ದಿನದ ಚಹಾ ವಿರಾಮ ಉದ್ದವಾಯಿತು, ಮರುದಿನದಿಂದ ತರಬೇತಿಯೂ ಸಲೀಸಾಯಿತು.

ಬಿಟ್ಟುಬಂದದ್ದೂ ಬಹಳವಿದೆ. ದಕ್ಷಿಣೇಶ್ವರಕ್ಕೆ 2021ರಿಂದ ಮೆಟ್ರೊ ಹೋಗುತ್ತದೆ, ನದಿಯಾಚೆಗೆ ಬೇಲೂರು ಮಠ. ಕುವೆಂಪು ಅವರಿಗೆ ಸ್ವಾಮಿ ಶಿವಾನಂದರಿಂದ ದೀಕ್ಷೆಯಾದದ್ದು ಅಲ್ಲೇ. ರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆಗಳನ್ನು ಅವರ ಕನ್ನಡದಲ್ಲಿ ಓದಿ ಬೆಳೆದವನಿಗೆ ಹೋಗಬೇಕೆಂಬ ಆಸೆ ಇಲ್ಲದಿರುತ್ತದೆಯೇ? ಆದರೆ ಮಠ ಮಧ್ಯಾಹ್ನ ಕೆಲವು ಗಂಟೆ ಮುಚ್ಚಿರುತ್ತದೆ, ಎರಡೂ ಕಡೆ ಸಾವಧಾನವಾಗಿ ನೋಡಲು ಅರ್ಧ ದಿನ ಬೇಕು. ಕೊನೆಯ ದಿನ ವರದಿ ಒಪ್ಪಿಸುವುದಿತ್ತು. ಗಡಿಯಾರ ನೋಡುತ್ತ ಹೋಗುವ ಜಾಗ ಅದಲ್ಲವೆಂದು ಮನೆಯವರ ಜೊತೆ ಬರುವ ಪ್ರವಾಸಕ್ಕೆ ಉಳಿಸಿದೆ. ಕಂಪನಿಯ ಕೆಲಸವನ್ನು ಬದಿಗಿಟ್ಟು ಊರು ನೋಡುವ ಚಾಳಿ ಬೆಳೆಸಿಕೊಂಡರೆ ಮುಂದಿನ ಸಲ ಬೇರೆಯವರನ್ನು ಕಳಿಸುತ್ತಾರೆ ಅನ್ನುವ ಎಚ್ಚರವೂ ಇತ್ತೆನ್ನಿ.

ಸದ್ಯದಲ್ಲೇ ಹೈದರಾಬಾದಿನ ಕೆಲಸವಿದೆ. ಆಫೀಸು ಹೈಟೆಕ್ ಸಿಟಿಯಲ್ಲಿ, ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ರಜೆ ಶುಕ್ರವಾರ, ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿನಲ್ಲಿ ಬಳೆ ಅಂಗಡಿಗಳು ಕಳೆಗಟ್ಟುವುದು ಸಂಜೆ. ಟಿಕೆಟ್ಟಿಗೆ ಮೊದಲು ಇಷ್ಟನ್ನು ಬರೆದುಕೊಂಡು, ಹೋಟೆಲು ಮೆಟ್ರೊ ಪಕ್ಕದಲ್ಲೇ ಇರಲಿ ಎಂದು ಟ್ರಾವೆಲ್ ಡೆಸ್ಕಿಗೆ ಮೇಲ್ ಹಾಕಿದ್ದೇನೆ. ಹಳೆಯ ಚಪ್ಪಲಿ ಬ್ಯಾಗಿನಲ್ಲೇ ಇದೆ.