ಬೆಲೆ ಏರಿದರೆ ನಾದವೂ ಏರುವುದೇ?

ಮನೆಯಲ್ಲಿ ಹಾಡು ಕೇಳಲು ಐದು ಸಾವಿರದ ಪೆಟ್ಟಿಗೆಯೂ ಉಂಟು, ಐದು ಲಕ್ಷದ್ದೂ ಉಂಟು. ನೂರು ಪಟ್ಟು ಹಣ ಕೊಟ್ಟರೆ ಹಾಡು ನೂರು ಪಟ್ಟು ಇಂಪಾದೀತೇ? ಪಾಠದಲ್ಲಿ ಕಲಿತ ಧ್ವನಿವಿಜ್ಞಾನದ ನೆರವಿನಿಂದ ವಿಚಾರಿಸೋಣ.

ನಮ್ಮ ಕಿವಿಗೂ ಒಂದು ಮಿತಿಯಿದೆ. ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿ ಮಾತ್ರ ನಮಗೆ ಕೇಳಿಸುತ್ತದೆ. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. 1982ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ದಾಖಲಿಸುತ್ತದೆ. ಅದರ ಅರ್ಧ, ಅಂದರೆ 22,050 ಕಂಪನಗಳವರೆಗೆ ಅದು ಹಿಡಿದಿಡಬಲ್ಲದು. ಕಿವಿಗೆ ಇಷ್ಟು ಧಾರಾಳವಾಗಿ ಸಾಕು.

ಇನ್ನು ವ್ಯಾಟ್‌ಗಳ ಲೆಕ್ಕ. 50 ವ್ಯಾಟ್‌ಗೆ ಬದಲು 100 ವ್ಯಾಟ್‌ನ ಆಂಪ್ಲಿಫೈಯರ್ ತಂದರೆ ಧ್ವನಿ ಹೆಚ್ಚುವುದು ಕೇವಲ 3 ಡೆಸಿಬೆಲ್. ಸದ್ದು ಇಮ್ಮಡಿಯಾದಂತೆ ಕೇಳಿಸಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ ಬೇಕು. ತಂತಿಯೂ ಹಾಗೆಯೇ. ನಾಲ್ಕಾರು ಮೀಟರ್ ದೂರಕ್ಕೆ ಸಾಧಾರಣ ದಪ್ಪದ ತಾಮ್ರದ ತಂತಿ ಸಾಕು. ಚಿನ್ನದ ಲೇಪವಿದ್ದರೆ ತುದಿಗೆ ಕಿಲುಬು ಹಿಡಿಯದು. ಆದರೆ ರಾಗ ಅದರಿಂದ ಸವಿಯಾಗದು.

ಹಾಗಾದರೆ ಹಣಕ್ಕೆ ಬೆಲೆಯೇ ಇಲ್ಲವೇ? ಇದೆ. ತಗ್ಗಿನ ಸ್ವರಕ್ಕೆ ಹೆಚ್ಚು ಗಾಳಿಯನ್ನು ಅಲುಗಿಸಬೇಕು. ಅಂಗೈಯಗಲದ ಸ್ಪೀಕರಿನಿಂದ ತಬಲಾದ ಡಗ್ಗೆಯ ಗುಂಗು ಪೂರ್ತಿ ಹೊರಡದು. ಆದ್ದರಿಂದ ಒಳ್ಳೆಯ ಸ್ಪೀಕರಿಗೆ ಖರ್ಚು ಮಾಡುವುದು ನ್ಯಾಯ. ಆದರೆ ಒಂದು ಹಂತ ದಾಟಿದ ಮೇಲೆ ಕೊಡುವ ಹಣ ಬೆಳೆಯುತ್ತದೆ, ಸಿಗುವ ಲಾಭ ಕುಗ್ಗುತ್ತದೆ. ಬರಿಯ ಗೋಡೆಗಳ ಕೋಣೆಯಲ್ಲಿ ಸದ್ದು ಮರುದನಿಗೊಂಡು ಕಲಸುತ್ತದೆ. ಪರದೆ, ಜಮಖಾನೆ, ಪುಸ್ತಕದ ಕಪಾಟು ಇದನ್ನು ತಗ್ಗಿಸುತ್ತವೆ. ಸ್ಪೀಕರನ್ನು ಮೂಲೆಯಿಂದ ಈಚೆಗೆ ಸರಿಸಲು ಕಾಸೂ ಬೇಡ.

ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿರಿ. ಎರಡು ಪೆಟ್ಟಿಗೆಗಳನ್ನು ಪರದೆಯ ಹಿಂದಿಟ್ಟು, ಸದ್ದನ್ನು ಸಮಮಾಡಿ, ನಾಣ್ಯ ಚಿಮ್ಮಿ ಬಿದ್ದ ಪ್ರಕಾರ ಒಂದನ್ನು ಗೆಳೆಯರು ನುಡಿಸಲಿ. ಯಾವುದೆಂದು ಹತ್ತು ಸಲ ಹೇಳಿರಿ. ಬರಿಯ ಊಹೆಗೇ ಐದಾರು ಉತ್ತರ ಸರಿಯಾಗಬಹುದು. ಒಂಬತ್ತು ಸರಿಯಾದರೆ ವ್ಯತ್ಯಾಸ ನಿಜ. ಸದ್ದು ಸಮಮಾಡದಿದ್ದರೆ ಜೋರಾದದ್ದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ.

ಪೋಷಕರು ಕಂತಿನ ಸಾಲಕ್ಕೆ ಸಹಿ ಹಾಕುವ ಮುನ್ನ ಮಕ್ಕಳು ಈ ಪರೀಕ್ಷೆ ಮಾಡಿ ತೋರಿಸಲಿ. ಹಾಸಿಗೆಯಿದ್ದಷ್ಟು ಕಾಲು ಚಾಚಿದ ಮನೆಯಲ್ಲಿ ಹಾಡಿಗೂ ನೆಮ್ಮದಿ, ಕೇಳುವವರಿಗೂ ನೆಮ್ಮದಿ.