ಮೆದುಳಿನ ನಾಳದಲ್ಲಿ ಉಬ್ಬು ಇದೆ ಎಂದರೆ...

ತಲೆಸುತ್ತು ಎಂದು ಮಾಡಿಸಿದ ಎಂಆರ್‌ಐ ವರದಿಯಲ್ಲಿ ‘ಅನ್ಯೂರಿಸಂ’ ಎಂಬ ಪದ ಕಂಡ ದಿನ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯುವುದಿಲ್ಲ. ಸವೆದ ಸೈಕಲ್ ಟ್ಯೂಬು ಒಂದು ಕಡೆ ಬುಗ್ಗೆಯಂತೆ ಉಬ್ಬುತ್ತದಲ್ಲ, ಇದೂ ಹಾಗೆಯೇ. ನೂರು ವಯಸ್ಕರಲ್ಲಿ ಸುಮಾರು ಮೂವರ ಮೆದುಳಿನ ರಕ್ತನಾಳದಲ್ಲಿ ಇಂಥ ಉಬ್ಬು ಇರುತ್ತದೆ. ಬಹುಪಾಲು ಒಡೆಯುವುದೇ ಇಲ್ಲ. ಒಡೆದರೆ ಮಾತ್ರ ಜೀವಕ್ಕೇ ಕುತ್ತು. ಒಡೆಯದ ಉಬ್ಬಿಗೆ ಸಾಮಾನ್ಯವಾಗಿ ಯೋಚಿಸಲು ಸಮಯವಿರುತ್ತದೆ. ಆ ಸಮಯವನ್ನು ಬಳಸಿಕೊಳ್ಳಿ.

ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳಿ: ಉಬ್ಬು ಎಷ್ಟು ಮಿಲಿಮೀಟರ್, ಯಾವ ನಾಳದಲ್ಲಿದೆ, ಆಕಾರ ನುಣುಪೋ ಗಂಟುಗಂಟೋ. 7 ಮಿ.ಮೀ.ಗಿಂತ ಚಿಕ್ಕದಾದರೆ ಅಪಾಯ ಸಾಮಾನ್ಯವಾಗಿ ಕಡಿಮೆ, ಆದರೆ ಜಾಗವೂ ಲೆಕ್ಕಕ್ಕೆ ಬರುತ್ತದೆ. ಬಿ.ಪಿ., ಬೀಡಿ-ಸಿಗರೇಟು, ಮನೆಯವರಲ್ಲಿ ಯಾರಿಗಾದರೂ ಮೆದುಳಲ್ಲಿ ರಕ್ತಸ್ರಾವವಾಗಿದ್ದರೆ ಅದು, ಯಾವುದನ್ನೂ ಮುಚ್ಚಿಡಬೇಡಿ. ‘ಬಿ.ಪಿ. ಹತೋಟಿಯಲ್ಲಿಟ್ಟು ಆಗಾಗ ಸ್ಕ್ಯಾನ್ ಮಾಡಿಸಿ ನೋಡೋಣ’ ಎಂದು ವೈದ್ಯರು ಹೇಳಿದರೆ ಅದು ನಿರ್ಲಕ್ಷ್ಯವಲ್ಲ, ಅದೂ ಚಿಕಿತ್ಸೆಯೇ.

ಚಿಕಿತ್ಸೆ ಬೇಕೆಂದಾದರೆ ತಲೆಬುರುಡೆ ತೆರೆದು ಕ್ಲಿಪ್ ಹಾಕುವ ನರಶಸ್ತ್ರಚಿಕಿತ್ಸಕರನ್ನೂ ನಾಳದೊಳಗಿನಿಂದ ಸರಿಪಡಿಸುವ ತಜ್ಞರನ್ನೂ ಕೇಳಿ. ಕತ್ತಿ ಹಿಡಿದವರಿಗೆ ಕತ್ತಿಯ ದಾರಿ, ತಂತಿ ಹಿಡಿದವರಿಗೆ ತಂತಿಯ ದಾರಿ ಮೊದಲು ಕಾಣುವುದು ಸಹಜ. ಇಬ್ಬರೂ ಒಂದೇ ತಂಡದಲ್ಲಿರುವ ಆಸ್ಪತ್ರೆಯಾದರೆ ಒಳ್ಳೆಯದು.

ಒಳಗಿನ ದಾರಿ ಎಂದರೆ ತೊಡೆಸಂದಿನಲ್ಲೋ ಮಣಿಕಟ್ಟಿನಲ್ಲೋ ಸಣ್ಣ ರಂಧ್ರ ಮಾಡಿ, ಕೂದಲಿನಂಥ ತಂತಿಯ ಜಾಡಿನಲ್ಲಿ ಕೊಳವೆಯನ್ನು ಮೆದುಳಿನವರೆಗೆ ಒಯ್ಯುವುದು. ಅಲ್ಲಿ ಮೆತ್ತಗಿನ ಪ್ಲಾಟಿನಂ ಸುರುಳಿಗಳನ್ನು ಉಬ್ಬಿನೊಳಗೆ ತುರುಕುತ್ತಾರೆ. ರಕ್ತ ಹೆಪ್ಪುಗಟ್ಟಿ ಉಬ್ಬು ಮುಚ್ಚಿಕೊಳ್ಳುತ್ತದೆ. ಇಟಲಿಯ ಗೈಡೊ ಗುಗ್ಲಿಯೆಲ್ಮಿ ರೂಪಿಸಿದ ಈ ಕಾಯಿಲ್ ಅನ್ನು ರೋಗಿಗೆ ಮೊದಲು ಬಳಸಿದ್ದು 1990ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಉಬ್ಬಿನ ಬಾಯಿ ಅಗಲವಾಗಿದ್ದರೆ ಸ್ಟೆಂಟ್‌ನ ಆಸರೆ ಬೇಕು, ಇಲ್ಲವೇ ಒತ್ತಾದ ಜಾಲರಿ ಕೊಳವೆಯಾದ ಫ್ಲೋ ಡೈವರ್ಟರ್.

ಸ್ಟೆಂಟ್ ಅಥವಾ ಡೈವರ್ಟರ್ ಆದರೆ ಕೆಲವು ದಿನ ಮೊದಲೇ ಆಸ್ಪಿರಿನ್ ಜೊತೆ ಕ್ಲೊಪಿಡೋಗ್ರೆಲ್‌ನಂಥ ಮಾತ್ರೆ ಶುರು ಮಾಡುತ್ತಾರೆ. ಒಂದು ಡೋಸೂ ತಪ್ಪಬಾರದು. ಮುಂದಿನ ತಿಂಗಳುಗಳಲ್ಲಿ ಹಲ್ಲು ಕೀಳಿಸಲು ಹೋದಾಗ ಯಾರಾದರೂ ‘ನಾಲ್ಕು ದಿನ ನಿಲ್ಲಿಸಿ’ ಎಂದರೆ ಮೆದುಳಿನ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಜಾಲರಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಆಗಬಹುದು. ನಾಳ ಕಾಣಲು ಕಾಂಟ್ರಾಸ್ಟ್ ದ್ರವ ಹಾಯಿಸುವುದರಿಂದ, ಮೆಟ್‌ಫಾರ್ಮಿನ್ ತಗೊಳ್ಳುವವರು, ಮೂತ್ರಪಿಂಡದ ತೊಂದರೆ, ಅಲರ್ಜಿ ಇರುವವರು ಮೊದಲೇ ತಿಳಿಸಿ.

ಖರ್ಚು ಕೇಳಲು ಸಂಕೋಚ ಬೇಡ. ಎಷ್ಟು ಕಾಯಿಲ್ ಹಿಡಿಯುತ್ತದೆ ಎಂಬುದು ಒಳಗೆ ಹೋದ ಮೇಲೇ ಖಚಿತವಾಗುವುದು. ಅಂದಾಜು ಬಿಲ್ಲಿನಲ್ಲಿ ಅವು ಸೇರಿವೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ.

ಚಿಕಿತ್ಸೆಯ ದಿನ ಪ್ರಜ್ಞೆ ತಪ್ಪಿಸುವ ಅರಿವಳಿಕೆ ಕೊಡುತ್ತಾರೆ. ಮುಗಿದ ಮೇಲೆ ತೊಡೆಯಲ್ಲಿ ರಂಧ್ರ ಮಾಡಿದ್ದರೆ ಕೆಲವು ಗಂಟೆ ಕಾಲು ಮಡಿಸದೆ ಮಲಗಬೇಕು, ಒಂದು ರಾತ್ರಿ ಐಸಿಯು. ತೊಡಕಿಲ್ಲದಿದ್ದರೆ ಒಂದೆರಡು ದಿನಕ್ಕೆ ಮನೆ. ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಮತ್ತೆ ಆಂಜಿಯೋಗ್ರಾಂ. ಕಾಯಿಲ್ ಕುಸಿದು ಉಬ್ಬು ಮತ್ತೆ ತೆರೆದುಕೊಳ್ಳುವುದುಂಟು, ಹಾಗಾಗಿ ತಪ್ಪಿಸಬೇಡಿ.

ಚಿಕಿತ್ಸೆಗೆ ಮೊದಲಾಗಲಿ ಆಮೇಲಾಗಲಿ, ಸಿಡಿಲು ಬಡಿದಂತೆ ತಲೆನೋವು ಬಂದರೆ, ಒಂದು ಕಣ್ಣಿನ ರೆಪ್ಪೆ ಥಟ್ಟನೆ ಜೋತುಬಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.